ಇಂಗಿಸುವ ನೀರು, ಹರಿಯಬಿಡುವ ನೀರು: ಕೊಡಗಿನ ಇಳಿಜಾರಿನಲ್ಲಿ ಜಲಾನಯನದ ಲೆಕ್ಕ

ಒಂದು ಎಕರೆ ಜಾಗದ ಮೇಲೆ ಒಂದು ಇಂಚು ಮಳೆ ಬಿದ್ದರೆ ಅದು ಒಂದು ಲಕ್ಷ ಲೀಟರಿಗೂ ತುಸು ಹೆಚ್ಚು ನೀರು. ಮಡಿಕೇರಿಯ ಸುತ್ತಮುತ್ತ ವರ್ಷದ ಮಳೆ 120 ಇಂಚು ದಾಟುವುದು ಮಾಮೂಲು. ಎಕರೆ ಲೆಕ್ಕದಲ್ಲಿ ಅದು 1 ಕೋಟಿ 20 ಲಕ್ಷ ಲೀಟರಿಗೂ ಮೇಲೆ. ಅದೇ ಎಕರೆಯ ರೊಬಸ್ಟಾ ಕಾಫಿ ಫೆಬ್ರವರಿಯಲ್ಲಿ ಹೂವಾಗಲು ಕೇಳುವುದು ಒಂದೂವರೆ ಇಂಚು ನೀರು, ಒಂದೂವರೆ ಲಕ್ಷ ಲೀಟರ್. ಬಿದ್ದದ್ದರಲ್ಲಿ ನೂರಕ್ಕೆ ಒಂದೂಕಾಲು ಪಾಲು. ಅಷ್ಟು ನೀರಿಗಾಗಿ ಹೊಳೆಗೆ ಪೈಪ್ ಇಳಿಸಿ, ಕೆಳಗಿನ ತೋಟದವರ ಜತೆ ಮಾತಿಗೆ ಮಾತು ಬೆಳೆಸಿಕೊಳ್ಳುವ ಪರಿಸ್ಥಿತಿ ಕೊಡಗಿನ ಬಹಳ ಊರುಗಳಲ್ಲಿದೆ.

ಹಾಗಾದರೆ ಎಲ್ಲ ಕಡೆ ಗುಂಡಿ ತೋಡಿ ನೀರು ಇಂಗಿಸಿಬಿಡೋಣ ಎನ್ನುವುದು ಸುಲಭದ ಉತ್ತರ. ಕೊಡಗಿನ ಪಶ್ಚಿಮ ಭಾಗದಲ್ಲಿ ಅದು ಅಪಾಯದ ಉತ್ತರವೂ ಹೌದು. ಜಲಾನಯನದ ಬಗ್ಗೆ ಕನ್ನಡದಲ್ಲಿ ಸಿಗುವ ಕೈಪಿಡಿಗಳ ಬಹುಪಾಲು ಬಯಲುಸೀಮೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ವರ್ಷಕ್ಕೆ 20 ಇಂಚು ಮಳೆ ಬೀಳುವ ಕಡೆ ಬಿದ್ದ ಹನಿಯನ್ನೆಲ್ಲ ಬಿದ್ದಲ್ಲೇ ಹಿಡಿಯಬೇಕು, ನಿಜ. ಭಾಗಮಂಡಲದ ಕಡೆಯ ಇಳಿಜಾರಿನಲ್ಲಿ ಹಾಗೆ ಹಿಡಿಯಹೊರಟರೆ ಮಣ್ಣಿನ ಹೊಟ್ಟೆ ತುಂಬಿ ಗುಡ್ಡವೇ ಜಾರುತ್ತದೆ. ಇಲ್ಲಿ ಮಾಡಬೇಕಾದ ಕೆಲಸ ಎರಡು: ಯಾವ ಜಾಗದಲ್ಲಿ ಎಷ್ಟು ನೀರು ಇಂಗಬಹುದು ಎಂದು ತಿಳಿಯುವುದು, ಮಿಕ್ಕ ನೀರಿಗೆ ಮಣ್ಣು ಕೊಚ್ಚದ ದಾರಿ ಮಾಡಿಕೊಡುವುದು. ಎರಡನೆಯದೇ ದೊಡ್ಡದು, ಮತ್ತು ಹೆಚ್ಚಿನ ತೋಟಗಳಲ್ಲಿ ಅದನ್ನೇ ಕೈಬಿಟ್ಟಿರುತ್ತಾರೆ.

ನಿಮ್ಮ ಜಲಾನಯನ ಯಾವುದು?

ಸರ್ಕಾರಿ ಯೋಜನೆಗಳಲ್ಲಿ ಕಿರು ಜಲಾನಯನ ಎಂದರೆ ಸುಮಾರು 500 ಹೆಕ್ಟೇರ್. ತೋಟ, ಗದ್ದೆಯವರಿಗೆ ಆ ಅಳತೆ ದೊಡ್ಡದಾಯಿತು. ನಿಮ್ಮ ಗದ್ದೆಯ ಪಕ್ಕ ಹರಿಯುವ ಕೊಲ್ಲಿಯೊಂದನ್ನು, ಅಂದರೆ ಸಣ್ಣ ತೊರೆಯೊಂದನ್ನು, ತೆಗೆದುಕೊಳ್ಳಿ. ಆ ಕೊಲ್ಲಿಗೆ ಯಾವ ಯಾವ ಗುಡ್ಡದ ನೀರು ಬಂದು ಬೀಳುತ್ತದೋ ಅಷ್ಟೂ ಜಾಗ ಅದರ ಜಲಾನಯನ. ಇಪ್ಪತ್ತು ಎಕರೆ ಇರಬಹುದು, ನೂರು ಇರಬಹುದು. ಅದರಲ್ಲಿ ನಾಲ್ಕೈದು ಮನೆಯವರ ತೋಟ, ಒಂದು ಪಂಚಾಯತ್ ರಸ್ತೆ, ತಲೆಯಲ್ಲಿ ಒಂದು ತುಂಡು ದೇವರಕಾಡು ಇರಬಹುದು. ಗಡಿ ಗುರುತಿಸಲು ನಕ್ಷೆಗಿಂತ ಜುಲೈ ತಿಂಗಳ ಒಂದು ದೊಡ್ಡ ಮಳೆ ಒಳ್ಳೆಯದು. ಮಳೆ ಜೋರಿರುವಾಗಲೇ ಗುಡ್ಡದ ನೆತ್ತಿಯ ಗುಂಟ ನಡೆದರೆ ನೀರು ಎಲ್ಲಿ ಎರಡಾಗಿ ಒಡೆಯುತ್ತದೆ, ರಸ್ತೆ ಎಲ್ಲಿ ಒಂದು ಕೊಲ್ಲಿಯ ನೀರನ್ನು ಕದ್ದು ಇನ್ನೊಂದಕ್ಕೆ ಸುರಿಯುತ್ತದೆ ಎನ್ನುವುದು ಕಣ್ಣೆದುರೇ ಕಾಣುತ್ತದೆ. ಬೇಸಿಗೆಯಲ್ಲಿ ಸರ್ವೆ ಮಾಡಿದವರಿಗೆ ಈ ಎರಡನೆಯ ಸಂಗತಿ ಸಾಮಾನ್ಯವಾಗಿ ತಪ್ಪಿಹೋಗುತ್ತದೆ.

ಹಿಂದಿನವರ ಜಮೀನಿನ ಹಂಚಿಕೆಯನ್ನು ನೋಡಿದರೆ ಅದರಲ್ಲಿ ಈ ತಿಳಿವಳಿಕೆ ಇತ್ತು ಅನ್ನಿಸುತ್ತದೆ. ಕಣಿವೆಯ ತಳದಲ್ಲಿ ಗದ್ದೆ. ಗದ್ದೆಗೆ ಸೇರಿದಂತೆ ಮೇಲೆ ಬಾಣೆ, ಅಂದರೆ ಸೊಪ್ಪು, ಸೌದೆ, ಮೇವಿಗೆಂದು ಬಿಟ್ಟ ಮರಗಾಡು. ಅದರಾಚೆ ದೇವರಕಾಡು. ಜಿಲ್ಲೆಯಲ್ಲಿ 1,200ಕ್ಕೂ ಹೆಚ್ಚು ದೇವರಕಾಡುಗಳಿವೆ ಎಂದು ಲೆಕ್ಕ. ಎಷ್ಟೋ ಕೊಲ್ಲಿಗಳ ಒರತೆ ಇರುವುದು ಅಂಥ ಕಾಡಿನ ಬುಡದಲ್ಲೇ. ನೆತ್ತಿಯಲ್ಲಿ ಕಾಡು, ನಡುವೆ ನೆರಳಿನ ತೋಟ, ಕೆಳಗೆ ನೀರು ನಿಲ್ಲುವ ಗದ್ದೆ. ಈ ಸಾಲಿನಲ್ಲಿ ಒಂದು ಕೊಂಡಿ ಕಳಚಿದರೂ ಉಳಿದೆರಡರ ಮೇಲೆ ಹೊರೆ ಬೀಳುತ್ತದೆ. ನೆತ್ತಿ ಬೋಳಾದರೆ ಕೆಳಗೆ ಎಷ್ಟು ಕಲ್ಲು ಕಟ್ಟಿದರೂ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದಂತೆಯೇ. ಆದ್ದರಿಂದ ಕೆಲಸ ಯಾವಾಗಲೂ ಮೇಲಿನಿಂದ ಕೆಳಕ್ಕೆ. ಮೇಲಿನದು ಮುಗಿಯುವ ಮುಂಚೆ ಕೆಳಗೆ ತಡೆ ಕಟ್ಟಿದರೆ ಒಂದೇ ಮಳೆಗಾಲಕ್ಕೆ ಹೂಳು ತುಂಬಿ ಅದು ಮಟ್ಟಸವಾಗುತ್ತದೆ.

ಮರವಿದ್ದರೆ ಸಾಲದು, ತರಗೆಲೆ ಬೇಕು

ಕಾಫಿ ತೋಟದಲ್ಲಿ ಮರಗಳಿವೆ, ಹಾಗಾಗಿ ಮಣ್ಣು ಕೊಚ್ಚುವುದಿಲ್ಲ ಎಂಬ ನಂಬಿಕೆ ಅರ್ಧ ಮಾತ್ರ ಸರಿ. ಎತ್ತರದ ಮರದ ಎಲೆಯಲ್ಲಿ ಕೂಡಿ ದಪ್ಪಗಾಗಿ ಬೀಳುವ ಹನಿ ಮಳೆಹನಿಗಿಂತ ದೊಡ್ಡದು. ಇಪ್ಪತ್ತೈದು ಮೂವತ್ತು ಅಡಿ ಮೇಲಿನಿಂದ ಬಿದ್ದರೆ ಅದರ ವೇಗ ಬಯಲಿನ ಮಳೆಹನಿಯ ವೇಗಕ್ಕೆ ಹೆಚ್ಚುಕಡಿಮೆ ಸಮ. ಕೆಳಗೆ ಬರಿ ಮಣ್ಣಿದ್ದರೆ ಅದು ಮಣ್ಣಿನ ಹರಳನ್ನು ಒಡೆದು ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ; ಆಮೇಲೆ ನೀರು ಇಂಗುವುದಿಲ್ಲ, ಮೇಲೇ ಹರಿಯುತ್ತದೆ. ಮಣ್ಣನ್ನು ಕಾಯುವುದು ನೆಲದ ಮೇಲಿನ ಎರಡು ಮೂರು ಇಂಚು ತರಗೆಲೆ, ಅದರ ಮೇಲೆ ಕಾಫಿ ಗಿಡದ ಚಪ್ಪರ. ಮರಗಸಿ ಮಾಡಿದಾಗ, ಅಂದರೆ ನೆರಳಿನ ಮರದ ಕೊಂಬೆ ಸವರಿದಾಗ, ಬೀಳುವ ಸೊಪ್ಪನ್ನು ಸಾಲಿನ ನಡುವೆ ಇಳಿಜಾರಿಗೆ ಅಡ್ಡಡ್ಡ ಹರಡಬೇಕು. ಗುಡ್ಡೆ ಹಾಕಿ ಸುಡುವುದು ದುಡ್ಡು ಸುಟ್ಟ ಹಾಗೆ.

ಕಳೆನಾಶಕದ ಬಗ್ಗೆಯೂ ಇಲ್ಲೇ ಹೇಳಬೇಕು. ಮೇ ಕೊನೆಯಲ್ಲಿ ಕಳೆನಾಶಕ ಹೊಡೆದು ನೆಲವನ್ನು ಗುಡಿಸಿಟ್ಟಂತೆ ಮಾಡಿಟ್ಟರೆ ಜೂನ್, ಜುಲೈ ಮಳೆ ನೇರ ಮಣ್ಣಿಗೆ ಬೀಳುತ್ತದೆ. ಮಳೆಗಾಲದಲ್ಲಿ ಕಳೆಯನ್ನು ವೀಡ್ ಕಟರ್‌ನಲ್ಲೋ ಕತ್ತಿಯಲ್ಲೋ ಮೂರು ನಾಲ್ಕು ಇಂಚು ಬಿಟ್ಟು ಸವರಿದರೆ ಬೇರು ಮಣ್ಣನ್ನು ಹಿಡಿದುಕೊಂಡಿರುತ್ತದೆ, ಕತ್ತರಿಸಿದ್ದು ಹೊದಿಕೆಯಾಗುತ್ತದೆ. ಗಿಡದ ಬುಡದ ಸುತ್ತ ಮಾತ್ರ ಕೈಯಲ್ಲಿ ಕಿತ್ತರೆ ಸಾಕು. ಹೊಸದಾಗಿ ನೆಟ್ಟ, ಇನ್ನೂ ಚಪ್ಪರ ಕೂಡದ ತೋಟದಲ್ಲಿ ಈ ನಿಯಮ ಮುರಿದವರ ಮಣ್ಣು ಕೆಳಗಿನ ಗದ್ದೆಯವರ ಪಾಲು.

ತೊಟ್ಟಿಲು ಗುಂಡಿಯ ನಿಜವಾದ ಕೆಲಸ

ಕಾಫಿ ತೋಟಗಳಲ್ಲಿ ಸಾಲುಗಳ ನಡುವೆ ತೋಡುವ ತೊಟ್ಟಿಲು ಗುಂಡಿಯ ಅಳತೆ ಸಾಮಾನ್ಯವಾಗಿ ಒಂದು ಅಡಿ ಅಗಲ, ಒಂದೂವರೆ ಅಡಿ ಆಳ. ಉದ್ದ ಅನುಕೂಲದಂತೆ, ಆರು ಅಡಿ ಎಂದಿಟ್ಟುಕೊಳ್ಳಿ. ಅಂಥ ಒಂದು ಗುಂಡಿಯಲ್ಲಿ ಹಿಡಿಯುವ ನೀರು ಸುಮಾರು 255 ಲೀಟರ್. ಹತ್ತಡಿ ಅಂತರದ ರೊಬಸ್ಟಾದಲ್ಲಿ ನಾಲ್ಕು ಗಿಡಕ್ಕೊಂದು ಗುಂಡಿಯಂತೆ ಎಕರೆಗೆ ನೂರು ಗುಂಡಿ ತೆಗೆದರೆ ಒಟ್ಟು 25 ಸಾವಿರ ಲೀಟರ್ ಚಿಲ್ಲರೆ. ಮಳೆಯ ಲೆಕ್ಕದಲ್ಲಿ ಅದು ಕಾಲು ಇಂಚು.

ಜುಲೈಯಲ್ಲಿ ಒಂದೇ ದಿನ ನಾಲ್ಕು ಇಂಚು ಹೊಡೆಯುವುದು ಇಲ್ಲಿ ಹೊಸತಲ್ಲ. ಅಂದರೆ ನೂರು ಗುಂಡಿಗಳ ಹದಿನಾರು ಪಟ್ಟು ನೀರು ಒಂದೇ ದಿನ ಬೀಳುತ್ತದೆ. ಗುಂಡಿ ಮಳೆಯನ್ನೆಲ್ಲ ಹಿಡಿದಿಡುತ್ತದೆ ಎಂಬ ಭ್ರಮೆ ಈ ಒಂದು ಲೆಕ್ಕದಲ್ಲೇ ಬಿಟ್ಟುಹೋಗಬೇಕು. ಗುಂಡಿ ನಿಜವಾಗಿ ಮಾಡುವ ಕೆಲಸ ಮೂರು. ಹರಿಯುವ ನೀರಿನ ಓಟವನ್ನು ಮುರಿಯುತ್ತದೆ. ಕೊಚ್ಚಿಬಂದ ಮೇಲ್ಮಣ್ಣು, ಗೊಬ್ಬರ, ತರಗೆಲೆಯನ್ನು ತಳದಲ್ಲಿ ಕೂರಿಸಿಕೊಳ್ಳುತ್ತದೆ. ಅಕ್ಟೋಬರ್ ನಂತರದ ಗುಡುಗು ಮಳೆ, ಮಾರ್ಚ್–ಏಪ್ರಿಲ್‌ನ ಬಿಡಿ ಮಳೆಯಂಥ ಸಣ್ಣ ಮಳೆಗಳನ್ನು ಪೂರ್ತಿ ಹಿಡಿದು ಇಂಗಿಸುತ್ತದೆ. ಬೇಸಿಗೆಯಲ್ಲಿ ಗಿಡಕ್ಕೆ ದಕ್ಕುವುದು ಈ ಮೂರನೆಯದು. ಅದಕ್ಕಾಗಿಯೇ ಗುಂಡಿ ತೆಗೆಯುವ ಹೊತ್ತು ಆಗಸ್ಟ್ ಕೊನೆಯಿಂದ ಅಕ್ಟೋಬರ್. ಆಗ ಮಣ್ಣು ಮೆತ್ತಗಿರುತ್ತದೆ, ಆಳಿನ ಖರ್ಚು ಕಡಿಮೆ, ದೊಡ್ಡ ಮಳೆಯ ಅಬ್ಬರವೂ ಇಳಿದಿರುತ್ತದೆ.

ತೆಗೆಯುವಾಗ ಗಮನಿಸಬೇಕಾದವು ಕೆಲವಿವೆ. ಕಾಫಿಯ ಆಹಾರದ ಬೇರುಗಳು ಹೆಚ್ಚಾಗಿ ಮೇಲಿನ ಒಂದು ಅಡಿಯಲ್ಲೇ ಇರುತ್ತವೆ; ಗುಂಡಿ ಎರಡು ಸಾಲಿನ ಸರಿ ಮಧ್ಯದಲ್ಲಿರಬೇಕು. ಕರಿಮೆಣಸಿನ ಬುಡದಿಂದ ಕನಿಷ್ಠ ಮೂರು ನಾಲ್ಕು ಅಡಿ ದೂರ. ಬುಡದಲ್ಲಿ ನೀರು ನಿಂತರೆ ಸೊರಗು ರೋಗದ ಶಿಲೀಂಧ್ರಕ್ಕೆ ಹಬ್ಬ; ಗುಂಡಿಯ ಲಾಭಕ್ಕಿಂತ ಬಳ್ಳಿಯ ನಷ್ಟ ಹೆಚ್ಚಾಗುತ್ತದೆ. ತೆಗೆದ ಮಣ್ಣನ್ನು ಗುಂಡಿಯ ಕೆಳಬದಿಗೆ ಹಾಕಿ ಕಾಲಿನಲ್ಲಿ ತುಳಿದು ಗಟ್ಟಿ ಮಾಡಬೇಕು. ಮೇಲ್ಬದಿಗೆ ಹಾಕಿದರೆ ಮೊದಲ ಮಳೆಗೇ ಅದು ಮತ್ತೆ ಒಳಗೆ. ಮೇಲಿನ ಸಾಲಿನ ಎರಡು ಗುಂಡಿಗಳ ನಡುವೆ ಬಿಟ್ಟ ಜಾಗದ ನೇರಕ್ಕೆ ಕೆಳಗಿನ ಸಾಲಿನ ಗುಂಡಿ ಬರುವಂತೆ ಹೆಣೆಯಬೇಕು. ಒಂದರ ಕೆಳಗೊಂದು ನೇರ ಬಂದರೆ ತುಂಬಿ ಹರಿದ ನೀರು ಬಿಟ್ಟ ಜಾಗದಲ್ಲೇ ಓಟ ಹಿಡಿದು ಎರಡು ವರ್ಷದಲ್ಲಿ ಕೊರಕಲು ತೋಡುತ್ತದೆ.

ಗುಂಡಿಯಲ್ಲಿ ಕೂತ ಹೂಳನ್ನು ವರ್ಷಕ್ಕೊಮ್ಮೆ ಎತ್ತಿ ಗಿಡಗಳ ನಡುವೆ ಹರಡಿ. ಅದು ನಿಮ್ಮದೇ ತೋಟದ ಅತ್ಯುತ್ತಮ ಮೇಲ್ಮಣ್ಣು. ಇನ್ನು, ಮಳೆ ನಿಂತು ಎರಡು ದಿನವಾದರೂ ಗುಂಡಿಯಲ್ಲಿ ನೀರು ಇಳಿಯದಿದ್ದರೆ ಆ ಜಾಗ ಇಂಗಿಸುವುದಕ್ಕೆ ಹೇಳಿದ್ದಲ್ಲ. ಕೆಳಗೆ ಗಟ್ಟಿ ಜೇಡಿ ಇದೆ, ಇಲ್ಲವೇ ಅಂತರ್ಜಲವೇ ಮೇಲೆ ಬಂದಿದೆ. ಅಲ್ಲಿ ಬೇರು ಉಸಿರುಗಟ್ಟಿ ಕಾಯಿ ಉದುರುತ್ತದೆ. ಅಂಥ ಗುಂಡಿಗೆ ಒಂದು ಬದಿಯಲ್ಲಿ ಗಂಡಿ ಬಿಡಿಸಿ ನೀರನ್ನು ಬಸಿಗಾಲುವೆಗೆ ತಿರುಗಿಸಿ.

ಮಟ್ಟ ಹಿಡಿಯುವುದು

ಕಣ್ಣಂದಾಜಿನಲ್ಲಿ ಎಳೆದ ಕಾಲುವೆ ಇಳಿಜಾರಿನಲ್ಲಿ ಯಾವಾಗಲೂ ಮೋಸ ಮಾಡುತ್ತದೆ. ಮಟ್ಟ ನೋಡಲು ಇಂಗ್ಲಿಷಿನ ಎ ಅಕ್ಷರದಂಥ ಚೌಕಟ್ಟು, ಎ-ಫ್ರೇಮ್, ಸಾಕು, ಮನೆಯಲ್ಲೇ ಆಗುತ್ತದೆ. ಏಳಡಿಯ ಎರಡು ಗಳ, ಅವನ್ನು ಮೇಲೆ ಕಟ್ಟಿ ಕಾಲುಗಳ ನಡುವೆ ಆರಡಿ ಬರುವಂತೆ ಅಗಲಿಸಿ, ಸೊಂಟದೆತ್ತರಕ್ಕೆ ಒಂದು ಅಡ್ಡ ಪಟ್ಟಿ. ತುದಿಯಿಂದ ದಾರದಲ್ಲಿ ಕಲ್ಲು ತೂಗಬಿಡಿ. ಎರಡು ಗೂಟದ ಮೇಲೆ ನಿಲ್ಲಿಸಿ ದಾರ ಪಟ್ಟಿಯನ್ನು ಮುಟ್ಟಿದಲ್ಲಿ ಗೆರೆ ಹಾಕಿ. ಕಾಲುಗಳನ್ನು ಅದಲುಬದಲು ಮಾಡಿ ಇನ್ನೊಂದು ಗೆರೆ. ಎರಡರ ನಟ್ಟನಡುವೆ ಹಾಕಿದ ಗುರುತೇ ಮಟ್ಟ. ಒಂದು ಕಾಲು ನೆಲದಲ್ಲಿ ಊರಿ, ಇನ್ನೊಂದನ್ನು ದಾರ ಆ ಗುರುತಿಗೆ ಬರುವತನಕ ಮೇಲೆ ಕೆಳಗೆ ಸರಿಸಿ, ಅಲ್ಲೊಂದು ಗೂಟ ಹೊಡೆಯುತ್ತ ಸಾಗಿದರೆ ಸಮಪಾತಳಿ ಗೆರೆ ಸಿಗುತ್ತದೆ. ಮೇಸ್ತ್ರಿಗಳ ಬಳಿ ಇರುವ ನೀರಿನ ಪೈಪಿನ ಮಟ್ಟವೂ ನಡೆಯುತ್ತದೆ. ಒಳಗೆ ಗಾಳಿಯ ಗುಳ್ಳೆ ಇರಬಾರದು ಅಷ್ಟೆ.

ಇಲ್ಲೊಂದು ಮುಖ್ಯ ವ್ಯತ್ಯಾಸ. ಕುಶಾಲನಗರ, ಹೆಬ್ಬಾಲೆ, ಶನಿವಾರಸಂತೆ ಕಡೆ ಕಾಲುವೆ, ಬದುಗಳನ್ನು ಮಟ್ಟಕ್ಕೇ ಎಳೆಯಬಹುದು. ಮಳೆ ಸುಮಾರು 40 ಇಂಚು, ಇಳಿಜಾರು ಸಾಧಾರಣ. ಮಡಿಕೇರಿ, ಭಾಗಮಂಡಲ, ನಾಪೋಕ್ಲು, ವಿರಾಜಪೇಟೆಯ ಪಶ್ಚಿಮ ಬದಿಯಲ್ಲಿ ಉದ್ದನೆಯ ಕಾಲುವೆಗಳಿಗೆ ಒಂದು ಕಡೆ ಓರೆ ಕೊಡಲೇಬೇಕು: ನೂರು ಅಡಿಗೆ ಅರ್ಧ ಅಡಿ. ಎ-ಫ್ರೇಮಿನ ಆರಡಿಗೆ ಅದು ಸುಮಾರು 9 ಮಿ.ಮೀ.; ನೀರು ಹರಿಯಬೇಕಾದ ದಿಕ್ಕಿನ ಕಾಲಿಗೆ ಅಷ್ಟು ದಪ್ಪದ ಮರದ ಚೂರು ಕಟ್ಟಿಕೊಂಡು ಗುರುತಿಸಿದರೆ ಆಯಿತು. ಇಷ್ಟು ಓರೆಯಲ್ಲಿ ನೀರು ಮೆಲ್ಲಗೆ ನಡೆಯುತ್ತದೆ, ಮಣ್ಣು ಕೆಳಗೆ ಕೂರುತ್ತದೆ, ಹೆಚ್ಚಾದದ್ದು ಪಕ್ಕದ ಕೊಲ್ಲಿಗೆ ಸೇರುತ್ತದೆ. ಮಟ್ಟಕ್ಕೆ ಎಳೆದ ಉದ್ದ ಕಾಲುವೆಯಲ್ಲಾದರೆ ನೀರು ಎಲ್ಲೋ ಒಂದು ದುರ್ಬಲ ಜಾಗ ಹುಡುಕಿ ಒಡೆಯುತ್ತದೆ, ಇಡೀ ಕಾಲುವೆಯ ನೀರು ಅಲ್ಲಿಂದಲೇ ನುಗ್ಗುತ್ತದೆ.

ಇಂಗಿಸಲೇಬಾರದ ಜಾಗಗಳು

2018ರ ಆಗಸ್ಟ್‌ನಲ್ಲಿ ಜೋಡುಪಾಲ, ಮಕ್ಕಂದೂರು, ಮುಕ್ಕೋಡ್ಲು, ಕಾಲೂರು ಕಡೆ ಗುಡ್ಡಗಳು ಜಾರಿದವು. 2019ರಲ್ಲಿ ತೋರ, ಕೋರಂಗಾಲ. 2020ರಲ್ಲಿ ತಲಕಾವೇರಿಯ ಗಜಗಿರಿ. ಇಲ್ಲಿನ ಗುಡ್ಡಗಳಲ್ಲಿ ಬಂಡೆಯ ಮೇಲೆ ಬಹಳ ಆಳದವರೆಗೆ ಕೊಳೆತ ಕಲ್ಲಿನ ಪದರ ಇದೆ. ಮೇಲೆ ಕೆಂಪು ಮಣ್ಣು, ಅದರಡಿ ಶೇಡಿ ಮಣ್ಣು. ಒಣಗಿದಾಗ ಗೋಡೆಯಂತೆ ನಿಲ್ಲುವ ಈ ಶೇಡಿ ನೀರು ಕುಡಿದು ತುಂಬಿದಾಗ ಬಿಗಿ ಕಳೆದುಕೊಳ್ಳುತ್ತದೆ. ಮಣ್ಣಿನ ರಂಧ್ರಗಳೆಲ್ಲ ತುಂಬಿದ ಮೇಲೆ ಒಳಗಿನ ನೀರಿನ ಒತ್ತಡವೇ ಪದರವನ್ನು ಬಂಡೆಯಿಂದ ಎತ್ತಿದಂತೆ ಮಾಡುತ್ತದೆ. ಕೆಳಗೆ ಮನೆಗೋ ರಸ್ತೆಗೋ ಬುಡ ಕಡಿದಿದ್ದರೆ ತಡೆಯುವ ಆಸರೆಯೂ ಇಲ್ಲ. ಆ ಕುಸಿತಗಳ ಅಧ್ಯಯನದಲ್ಲಿ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆ ಬೊಟ್ಟು ಮಾಡಿದ್ದೂ ಇಳಿಜಾರನ್ನು ಬೇಕಾಬಿಟ್ಟಿ ಕಡಿದದ್ದರ ಕಡೆಗೇ. ಮಳೆ ಅಸಾಮಾನ್ಯವಾಗಿತ್ತು, ನಿಜ. ಆದರೆ ನೀರಿನ ಸಹಜ ದಾರಿ ಮುಚ್ಚಿದ ಕಡೆ ಅದರ ಏಟು ಜೋರಾಗಿರುತ್ತದೆ.

ಹೀಗಿರುವಾಗ ಕೆಲವು ಜಾಗಗಳಲ್ಲಿ ಗುಂಡಿ, ಕಾಲುವೆ, ಕೆರೆ ಯಾವುದೂ ಸಲ್ಲ. ಇಳಿಜಾರು ಶೇ 33 ಮೀರಿದ ಕಡೆ, ಅಂದರೆ ಮೂರಡಿ ನಡೆದರೆ ಒಂದಡಿಗಿಂತ ಹೆಚ್ಚು ಏರುವ ಕಡೆ, ನೆಲ ಕೆದಕದೆ ಮರ, ಹುಲ್ಲಿಗೆ ಬಿಡುವುದು ಕ್ಷೇಮ. ರಸ್ತೆ ಅಥವಾ ಮನೆಗೆಂದು ಗುಡ್ಡ ಕಡಿದು ಉಳಿದ ಮಣ್ಣಿನ ಗೋಡೆಯ, ಅಂದರೆ ಬರೆಯ, ನೆತ್ತಿಯಲ್ಲಿ ಗುಂಡಿ ಬೇಡ. ಹಿಂದೆ ಜರಿದ ಜಾಗದ ಮೇಲ್ಗಡೆ ಬೇಡ. ಮಳೆಗಾಲದಲ್ಲಿ ಹೊಸ ಒರತೆ ಏಳುವಲ್ಲಿ, ನೆಲ ಅಡ್ಡಕ್ಕೆ ಸೀಳು ಬಿಟ್ಟಲ್ಲಿ, ಮರಗಳು ಒಂದೇ ಕಡೆಗೆ ವಾಲಿದಲ್ಲಿ ಖಂಡಿತ ಬೇಡ. ಸೀಳು ಕಂಡರೆ ಮಾಡಬೇಕಾದದ್ದು ತದ್ವಿರುದ್ಧ ಕೆಲಸ: ಸೀಳಿನ ಮೇಲ್ಗಡೆ ಹತ್ತು ಹದಿನೈದು ಅಡಿ ದೂರದಲ್ಲಿ ಓರೆ ಕಾಲುವೆ ಎಳೆದು ಮೇಲಿನಿಂದ ಬರುವ ನೀರನ್ನು ಆಚೆ ತಿರುಗಿಸಿ, ಸೀಳಿಗೆ ಜೇಡಿ ಮಣ್ಣು ತುಂಬಿ ದಮ್ಮಸು ಮಾಡಿ, ತಾತ್ಕಾಲಿಕವಾಗಿ ಟಾರ್ಪಾಲು ಹೊದಿಸಬೇಕು. ಸ್ವಚ್ಛವಾಗಿದ್ದ ಒರತೆ ಇದ್ದಕ್ಕಿದ್ದಂತೆ ಕೆಂಪಗೆ ಬಂದರೆ, ಅಥವಾ ಜೋರು ಮಳೆಯಲ್ಲೇ ಕೊಲ್ಲಿಯ ನೀರು ಥಟ್ಟನೆ ಇಳಿದರೆ, ಕೆಲಸ ಬಿಟ್ಟು ಜನ, ದನ ಮೊದಲು ಅಲ್ಲಿಂದ ಹೊರಗೆ.

ಬರೆಯ ಮುಖಕ್ಕೆ ಲಾವಂಚ ಒಳ್ಳೆಯದು. ಅಡ್ಡ ಸಾಲಿನಲ್ಲಿ ನಾಲ್ಕರಿಂದ ಆರು ಇಂಚಿಗೊಂದು ಸಸಿ, ಸಾಲಿನಿಂದ ಸಾಲಿಗೆ ನಾಲ್ಕೈದು ಅಡಿ ಎತ್ತರದ ಅಂತರ, ಜೂನ್ ಮೊದಲ ಮಳೆಗೆ ನಾಟಿ. ಒಂದು ಸಸಿ ಸತ್ತು ಸಂದು ಬಿದ್ದರೂ ನೀರು ಅಲ್ಲೇ ನುಗ್ಗುತ್ತದೆ. ಹಾಗಾಗಿ ತಿಂಗಳೊಳಗೆ ಸಂದು ತುಂಬಿ. ಆದರೆ ಇಪ್ಪತ್ತಡಿ ಆಳದಲ್ಲಿ ಜಾರುವ ಗುಡ್ಡವನ್ನು ಲಾವಂಚ ತಡೆಯುತ್ತದೆ ಎಂದು ನಂಬಿ ಅದರ ಬುಡದಲ್ಲಿ ಮನೆ ಕಟ್ಟುವುದು ಬೇಡ. ಅದು ಕಾಯುವುದು ಮೇಲ್ಪದರವನ್ನು.

ಹೆಚ್ಚಿನ ನೀರಿಗೆ ದಾರಿ

ಹತ್ತು ಎಕರೆ ತೋಟದ ಮೇಲೆ ಗಂಟೆಗೆ ಮೂರು ಇಂಚಿನ ರಭಸದ ಮಳೆ ಬಿದ್ದಾಗ, ನೆರಳು ತರಗೆಲೆ ಚೆನ್ನಾಗಿದ್ದು ಮೂರನೇ ಒಂದು ಪಾಲಿಗಿಂತ ತುಸು ಕಡಿಮೆ ನೀರು ಮಾತ್ರ ಹರಿದರೂ, ತಳದಲ್ಲಿ ಸೆಕೆಂಡಿಗೆ ಸುಮಾರು 250 ಲೀಟರ್ ಬರುತ್ತದೆ. ನೆಲ ಬರಿದಾಗಿದ್ದರೆ ಅದು 500 ಆಗುತ್ತದೆ. ಮೊದಲನೆಯದನ್ನು ಸಾಗಿಸಲು ತಳ ಎರಡಡಿ, ಮೇಲೆ ನಾಲ್ಕಡಿ ಅಗಲದ, ಒಂದಡಿ ಆಳ ನೀರು ಹರಿಯುವ, ಹುಲ್ಲು ಹಿಡಿದ ಕಾಲುವೆ ಸಾಕು. ನೂರಡಿಗೆ ಎರಡಡಿ ಇಳಿಜಾರಿದ್ದರೆ ಅದರಲ್ಲಿ ನೀರು ಸೆಕೆಂಡಿಗೆ ಮೂರಡಿ ವೇಗದಲ್ಲಿ ಹೋಗುತ್ತದೆ, ಹುಲ್ಲಿಗೆ ಏಟಾಗುವುದಿಲ್ಲ. ತೋಡುವಾಗ ಇನ್ನೂ ಅರ್ಧ ಅಡಿ ಹೆಚ್ಚು ಆಳ ಇಟ್ಟುಕೊಳ್ಳಿ. ಇಳಿಜಾರು ಅದಕ್ಕಿಂತ ಕಡಿದಾದಲ್ಲಿ ಕಾಲುವೆಯನ್ನು ಮೆಟ್ಟಿಲು ಮಾಡಿ, ಪ್ರತಿ ಮೆಟ್ಟಿಲಿನ ಬುಡಕ್ಕೆ ಕಲ್ಲು ಹಾಸಬೇಕು. ಕಲ್ಲು ಹಾಸದ ಮೆಟ್ಟಿಲು ಬುಡದಿಂದ ಕೊರೆದು ಒಂದೊಂದಾಗಿ ಮೇಲಕ್ಕೆ ಕುಸಿಯುತ್ತ ಹೋಗುತ್ತದೆ.

ಈ ನೀರಿನ ಅತಿ ದೊಡ್ಡ ಶತ್ರು ತೋಟದೊಳಗಿನ ಜೀಪ್ ರಸ್ತೆ. ಜೆಸಿಬಿ ಒಂದು ದಿನದಲ್ಲಿ ಮಾಡಿಕೊಟ್ಟು ಹೋಗುವ ರಸ್ತೆ ಮಳೆಗಾಲದಲ್ಲಿ ಕಾಲುವೆಯಾಗುತ್ತದೆ. ಅರವತ್ತು ಎಪ್ಪತ್ತು ಅಡಿಗೊಂದರಂತೆ, ಕಡಿದಾದಲ್ಲಿ ಇನ್ನೂ ಹತ್ತಿರ, ರಸ್ತೆಗೆ ಓರೆಯಾಗಿ ಅರ್ಧ ಅಡಿ ಎತ್ತರದ ಮಣ್ಣಿನ ದಿಬ್ಬ ಅಥವಾ ಹೂತ ಕಲ್ಲಿನ ಸಾಲು ಹಾಕಿ ನೀರನ್ನು ಕೆಳಬದಿಗೆ ಬಿಟ್ಟುಬಿಡಬೇಕು. ಬಿಡುವ ಜಾಗ ಬಂಡೆಯೋ ಹುಲ್ಲು ಪೊದೆಯೋ ಆಗಿರಲಿ; ಜೆಸಿಬಿ ತಳ್ಳಿದ ಸಡಿಲ ಮಣ್ಣಿನ ಮೇಲೆ ಬಿಟ್ಟರೆ ಕುಸಿತವನ್ನು ಕೈಯಾರೆ ಕರೆದಂತೆ. ಸಾರ್ವಜನಿಕ ರಸ್ತೆಯ ಮೋರಿ ನಿಮ್ಮ ತೋಟದ ನೆತ್ತಿಯಲ್ಲಿ ಬಾಯಿ ಬಿಟ್ಟಿದ್ದರೆ, ಅಲ್ಲಿಂದ ಕೊಲ್ಲಿಯವರೆಗೆ ಕಲ್ಲಿನ ಹಾಸು ಮಾಡಿಕೊಳ್ಳದೆ ಬೇರೆ ಯಾವ ಕೆಲಸಕ್ಕೂ ಕೈ ಹಾಕಬೇಡಿ.

ಕೊಲ್ಲಿಗೆ ಕಲ್ಲು ತಡೆ

ಕೊರಕಲು ಬಿದ್ದ ಸಣ್ಣ ಕೊಲ್ಲಿಗೆ ಸಿಮೆಂಟ್ ಬೇಡ, ಒಣಕಲ್ಲು ಸಾಕು. ಎತ್ತರ ಮೂರಡಿ ಮೀರಬಾರದು. ತಳವನ್ನು ಒಂದಡಿ ಅಗೆದು ಪಾಯ ಹಾಕಿ, ಎರಡೂ ದಂಡೆಯೊಳಕ್ಕೆ ಒಂದೆರಡು ಅಡಿ ಕಲ್ಲು ಹೊಗಿಸಿ. ನಡುಭಾಗ ಎರಡು ಬದಿಗಿಂತ ಅರ್ಧ ಮುಕ್ಕಾಲು ಅಡಿ ತಗ್ಗಿರಲಿ. ನೀರು ನಡುವಿನಿಂದಲೇ ದುಮುಕಬೇಕು. ಕೆಳಬದಿಯ ಓರೆ ಮೇಲ್ಬದಿಗಿಂತ ಎರಡು ಪಟ್ಟು ಉದ್ದ, ಅದರ ಮುಂದೆ ಐದಾರು ಅಡಿ ಕಲ್ಲಿನ ಹಾಸು. ಒಡೆದುಹೋದ ತಡೆಗಳನ್ನು ನೋಡಿದರೆ ಕಾರಣ ಹೆಚ್ಚಾಗಿ ಎರಡೇ: ನಡು ತಗ್ಗಿಸದೆ ಮಟ್ಟಸ ಕಟ್ಟಿದ್ದರಿಂದ ನೀರು ದಂಡೆಯನ್ನು ಬಳಸಿ ಹೊಸ ಕೊರಕಲು ತೋಡಿರುತ್ತದೆ, ಇಲ್ಲವೇ ಹಾಸು ಇಲ್ಲದೆ ಬುಡ ಕೊರೆದಿರುತ್ತದೆ.

ಒಂದು ತಡೆಯಿಂದ ಇನ್ನೊಂದಕ್ಕೆ ಎಷ್ಟು ದೂರ? ಕೆಳಗಿನ ತಡೆಯ ನೆತ್ತಿ ಮೇಲಿನ ತಡೆಯ ಬುಡದ ಮಟ್ಟಕ್ಕೆ ಬರಬೇಕು. ಕೊಲ್ಲಿ ನೂರಡಿಗೆ ಇಪ್ಪತ್ತಡಿ ಇಳಿಯುತ್ತಿದ್ದು ತಡೆ ಎರಡೂವರೆ ಅಡಿ ಇದ್ದರೆ ಅಂತರ ಹನ್ನೆರಡೂವರೆ ಅಡಿ. ಇಷ್ಟು ಹತ್ತಿರ ಬೇಕೇ ಎಂದು ಖರ್ಚು ನೋಡಿ ಐವತ್ತಡಿಗೊಂದು ಕಟ್ಟಿದರೆ ನಡುವಿನ ನೀರು ಮತ್ತೆ ಓಟ ಹಿಡಿಯುತ್ತದೆ. ಕಲ್ಲು ಸಾಲದ ಕಡೆ ಹಾಲುವಾಣ, ಗ್ಲಿರಿಸಿಡಿಯಾ, ಲಕ್ಕಿಯ ಹಸಿ ಗೂಟಗಳನ್ನು ಒಂದಡಿಗೊಂದು ಹೂತು ಬಿದಿರಿನ ಸೀಳು ಹೆಣೆದರೆ ಅದೇ ಚಿಗುರಿ ಜೀವಂತ ಬೇಲಿಯಾಗುತ್ತದೆ. ಈ ತಡೆಗಳೆಲ್ಲ ಮಳೆಗಾಲದಲ್ಲಷ್ಟೇ ಹರಿಯುವ ಕೊರಕಲುಗಳಿಗೆ. ವರ್ಷವಿಡೀ ಹರಿಯುವ ತೋಡಿಗೆ ಕಟ್ಟುವ ಮೊದಲು ಕೆಳಗಿನವರನ್ನೂ ಪಂಚಾಯತಿಯನ್ನೂ ಕೇಳಬೇಕು.

ಪಾಳು ಬಿದ್ದ ಗದ್ದೆ

ಗದ್ದೆಯನ್ನು ಭತ್ತದ ಲಾಭ ನಷ್ಟದಲ್ಲಿ ಮಾತ್ರ ಅಳೆಯುವುದು ಜಲಾನಯನದ ದೃಷ್ಟಿಯಿಂದ ತಪ್ಪು. ಒಂದಡಿ ಬದುವಿನ ಒಂದು ಎಕರೆ ಗದ್ದೆಯಲ್ಲಿ ನಾಲ್ಕು ಇಂಚು ನೀರು ನಿಂತರೆ ನಾಲ್ಕು ಲಕ್ಷ ಲೀಟರ್. ಮೇಲಿನ ಗುಡ್ಡದಿಂದ ನುಗ್ಗಿಬಂದ ನೀರು ಇಲ್ಲಿ ಹರಡಿ, ಹೂಳು ಇಳಿಸಿ, ನಿಧಾನವಾಗಿ ಕೆಳಗಿನ ಗದ್ದೆಗೆ ಹೋಗುತ್ತದೆ. ದಿನಕ್ಕೆ 5 ಮಿ.ಮೀ. ಇಂಗಿದರೂ ಎಕರೆಗೆ ಇಪ್ಪತ್ತು ಸಾವಿರ ಲೀಟರ್. ಮೂರು ತಿಂಗಳಿಗೆ 18 ಲಕ್ಷ. ನೂರು ತೊಟ್ಟಿಲು ಗುಂಡಿಗಳಿಂದ ಆಗದ ಕೆಲಸ. ತೀರಾ ತಳದ ಜೌಗು ಗದ್ದೆಗಳಲ್ಲಿ ಇಂಗುವುದು ಕಡಿಮೆ, ಅಲ್ಲಿ ನೀರು ಒಳಗಿನಿಂದಲೇ ಮೇಲೆ ಬರುತ್ತಿರುತ್ತದೆ. ಆದರೂ ನೆರೆಯ ರಭಸ ಹೀರಿಕೊಳ್ಳುವ ಕೆಲಸದಲ್ಲಿ ಅವೂ ಕಡಿಮೆಯಲ್ಲ.

ಆಳಿನ ಕೊರತೆ, ಕಾಡುಹಂದಿ ಮತ್ತು ಆನೆ ಕಾಟ, ಭತ್ತದ ಬೆಲೆ ಇವೆಲ್ಲ ಸೇರಿ ಗದ್ದೆ ಪಾಳು ಬೀಳುತ್ತಿವೆ, ಶುಂಠಿಗೆ ಗುತ್ತಿಗೆ ಹೋಗುತ್ತಿವೆ, ಮಣ್ಣು ತುಂಬಿ ನಿವೇಶನವಾಗುತ್ತಿವೆ. ಭತ್ತ ಬೆಳೆಯಲೇಬೇಕೆಂದು ಯಾರಿಗೂ ಹೇಳಲಾಗದು. ಪಾಳು ಬಿಟ್ಟರೂ ಜೂನ್‌ಗೆ ಮೊದಲು ಬದುಗಳ ಗಂಡಿ ಮುಚ್ಚಿ ನೀರು ನಿಲ್ಲಿಸಿದರೆ ಕೆಲಸದ ಮುಕ್ಕಾಲು ಪಾಲು ಉಳಿಯುತ್ತದೆ. ಶುಂಠಿಯದ್ದು ಬೇರೆ ಸಮಸ್ಯೆ. ಗಡ್ಡೆ ಕೊಳೆಯದಿರಲೆಂದು ಏರುಮಡಿ ಮಾಡಿ, ನೀರು ಬೇಗ ಹೋಗಲಿ ಎಂದು ಕಾಲುವೆಯನ್ನು ಇಳಿಜಾರಿನ ನೇರಕ್ಕೇ ಬಿಡುತ್ತಾರೆ. ಒಂದೇ ವರ್ಷದ ಬೆಳೆಗೆ ಹತ್ತಾರು ವರ್ಷದ ಮೇಲ್ಮಣ್ಣು ಹೋಗುತ್ತದೆ. ಗುತ್ತಿಗೆ ಕೊಡುವ ಜಮೀನಿನವರು ಕರಾರಿನಲ್ಲೇ ಮೂರು ಮಾತು ಬರೆಸಿಕೊಳ್ಳಬಹುದು: ಮಡಿ ಇಳಿಜಾರಿಗೆ ಅಡ್ಡ, ನೂರಡಿಗೆ ಒಂದಡಿ ಮೀರದ ಓರೆಯಲ್ಲಿ; ಕಾಲುವೆ ಹೊರಬೀಳುವಲ್ಲಿ ಹೂಳು ಗುಂಡಿ; ಕೊಯ್ಲಾದ ಮೇಲೆ ಬದು ಮೊದಲಿನಂತೆ.

ಕೆರೆಯ ಲೆಕ್ಕ

ಹತ್ತು ಎಕರೆ ರೊಬಸ್ಟಾಕ್ಕೆ ಹೂವಿಗೆ ಒಂದೂವರೆ ಇಂಚು, ಎರಡು ಮೂರು ವಾರದ ನಂತರ ಕಾಯಿ ಕಚ್ಚಲು ಇನ್ನೊಂದು ಇಂಚು ಎಂದರೆ ಒಟ್ಟು ಸುಮಾರು 26 ಲಕ್ಷ ಲೀಟರ್. ಮೇಲೆ 130 ಅಡಿ ಉದ್ದ, 100 ಅಡಿ ಅಗಲ, ಹತ್ತಡಿ ಆಳ, ಬದಿ ಒಂದಡಿ ಆಳಕ್ಕೆ ಒಂದಡಿ ಓರೆಯ ಕೆರೆಯಲ್ಲಿ 30 ಲಕ್ಷ ಲೀಟರ್ ಚಿಲ್ಲರೆ ಹಿಡಿಯುತ್ತದೆ. ಡಿಸೆಂಬರ್‌ನಿಂದ ಮಾರ್ಚ್ ಆರಂಭದವರೆಗೆ ದಿನಕ್ಕೆ 4 ಮಿ.ಮೀ.ನಂತೆ ಆವಿಯಾದರೂ ನಾಲ್ಕೂವರೆ ಲಕ್ಷ ಹೋಗುತ್ತದೆ. ಉಳಿದದ್ದು ಹೆಚ್ಚುಕಡಿಮೆ ಸರಿಯಾಯಿತು, ಬಸಿದು ಹೋಗುವುದನ್ನು ಒರತೆ ತುಂಬಿಕೊಟ್ಟರೆ. ಒರತೆ ಇಲ್ಲದ ಜಾಗದಲ್ಲಿ ಇಷ್ಟು ನೆಚ್ಚಬೇಡಿ.

ಕೆರೆ ಕಣಿವೆಯ ತಳದಲ್ಲೇ ಇರಬೇಕು. ಗುರುತ್ವದಿಂದ ನೀರು ಇಳಿಯಲಿ ಎಂದು ಗುಡ್ಡದ ಓರೆಯಲ್ಲಿ ಅಥವಾ ನೆತ್ತಿಯಲ್ಲಿ ಕೆರೆ ತೋಡುವುದು ಪಶ್ಚಿಮ ಕೊಡಗಿನಲ್ಲಿ ಮಾಡಬಾರದ ಕೆಲಸ. 30 ಲಕ್ಷ ಲೀಟರ್ ಎಂದರೆ ಮೂರು ಸಾವಿರ ಟನ್ ಭಾರ, ಅದರ ಮೇಲೆ ಹಗಲೂ ರಾತ್ರಿ ಬಸಿಯುವ ನೀರು. ನೀರು ಒಳಬರುವಲ್ಲಿ ಹತ್ತಡಿ ಉದ್ದ, ಆರಡಿ ಅಗಲ, ಮೂರಡಿ ಆಳದ ಹೂಳು ಗುಂಡಿ ಇರಲಿ. ಅದನ್ನು ಎರಡು ಆಳು ಒಂದು ದಿನದಲ್ಲಿ ಖಾಲಿ ಮಾಡಬಹುದು, ಕೆರೆಯ ಹೂಳಿಗೆ ಹಿಟಾಚಿಯೇ ಬರಬೇಕು. ಕೋಡಿಯನ್ನು ಏರಿಯ ಮೇಲೆ ಬಿಡದೆ ಪಕ್ಕದ ಗಟ್ಟಿ ನೆಲದಲ್ಲಿ, ಏರಿಗಿಂತ ಎರಡಡಿ ತಗ್ಗಿನಲ್ಲಿ ಮಾಡಿ. ಏರಿಯ ಮೇಲೆ ದೊಡ್ಡ ಮರ ಬೆಳೆಯಗೊಡಬೇಡಿ. ಅದು ಸತ್ತ ಮೇಲೆ ಕೊಳೆತ ಬೇರಿನ ಜಾಡಿನಲ್ಲೇ ನೀರು ನುಸುಳುತ್ತದೆ.

ಪೂರ್ವದ ಕಡೆ, ಜೋಳ, ಶುಂಠಿ ಬೆಳೆಯುವ ಕುಶಾಲನಗರ ಹೋಬಳಿಯಂಥಲ್ಲಿ, ಲೆಕ್ಕ ತಿರುಗುಮುರುಗು. ಅಲ್ಲಿ ಇಡೀ ವರ್ಷಕ್ಕೆ ಬೀಳುವುದೇ ಎಕರೆಗೆ 40 ಲಕ್ಷ ಲೀಟರ್ ಆಸುಪಾಸು. ಮಟ್ಟದ ಬದು, ಇಳಿಜಾರಿಗೆ ಅಡ್ಡ ಉಳುಮೆ, ಜೋಳದ ನಡುವೆ ಅಲಸಂದೆಯಂಥ ಹೊದಿಕೆ ಬೆಳೆ, ಹೊಲದ ಮೂಲೆಗೊಂದು ಹೊಂಡ. ಬಯಲುಸೀಮೆಯ ಕೈಪಿಡಿ ಅಲ್ಲಿ ಬಹುಮಟ್ಟಿಗೆ ನಡೆಯುತ್ತದೆ.

ವರ್ಷದ ಕೆಲಸ, ಮತ್ತು ಫಲಿತಾಂಶ ಅಳೆಯುವುದು

ಏಪ್ರಿಲ್, ಮೇ: ಕಾಲುವೆ, ಮೋರಿ, ಕೋಡಿ ಶುಚಿ, ರಸ್ತೆಯ ದಿಬ್ಬಗಳ ದುರಸ್ತಿ. ಜೂನ್: ಲಾವಂಚ, ಹಸಿ ಗೂಟದ ನಾಟಿ, ಗದ್ದೆಯ ಗಂಡಿ ಮುಚ್ಚುವುದು. ಕಕ್ಕಡದ (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ಕೊಡವ ತಿಂಗಳು) ಮಳೆಯಲ್ಲಿ ಹೊಸದಾಗಿ ಏನನ್ನೂ ಅಗೆಯಬಾರದು. ಕೊಡೆ, ಗುದ್ದಲಿ ಹಿಡಿದು ನೀರು ಎಲ್ಲಿ ಉಕ್ಕುತ್ತಿದೆ ಎಂದು ನೋಡಿ ಗೂಟ ಹೊಡೆದಿಟ್ಟರೆ ಸಾಕು. ಆ ಗೂಟಗಳೇ ಸೆಪ್ಟೆಂಬರ್ ನಂತರದ ಕೆಲಸದ ಪಟ್ಟಿ. ಗುಂಡಿ, ಕಲ್ಲು ತಡೆ, ಹೂಳು ತೆಗೆಯುವುದು ಕೊಯ್ಲು ಶುರುವಾಗುವ ಮುಂಚೆ ಮುಗಿಯಬೇಕು. ಆಮೇಲೆ ಆಳು ಸಿಗುವುದಿಲ್ಲ. ಕಾಲುವೆ, ತಡೆ, ಹೊಂಡದಂಥ ಕೆಲವು ಕೆಲಸ ಉದ್ಯೋಗ ಖಾತರಿಯಲ್ಲಿ ಸೇರಿಸಲು ಅವಕಾಶವಿರುತ್ತದೆ, ಗ್ರಾಮಸಭೆಯಲ್ಲೇ ಹೆಸರು ಕೊಡಬೇಕು. ಗೋಣಿಕೊಪ್ಪದ ಕೃಷಿ ವಿಜ್ಞಾನ ಕೇಂದ್ರ, ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಪೊನ್ನಂಪೇಟೆಯ ಅರಣ್ಯ ಕಾಲೇಜು ಈ ಮೂರು ಕಡೆ ಮಣ್ಣು, ಮರದ ಬಗ್ಗೆ ಕೇಳಬಹುದು.

ಮಾಡಿದ ಕೆಲಸ ಫಲ ಕೊಟ್ಟಿದೆಯೇ ಎಂದು ತಿಳಿಯಲು ಎರಡು ಅಳತೆ ಸಾಕು. ಮಳೆಗಾಲದಲ್ಲಿ ಕೊಲ್ಲಿ ತೋಟ ಬಿಡುವ ಜಾಗದಲ್ಲಿ ಒಂದು ಲೀಟರಿನ ಪಾರದರ್ಶಕ ಬಾಟಲಿಯಲ್ಲಿ ನೀರು ಹಿಡಿದು ರಾತ್ರಿಯಿಡೀ ಇಟ್ಟು ತಳದಲ್ಲಿ ಕೂತ ಮಣ್ಣಿನ ದಪ್ಪ ಸ್ಕೇಲ್‌ನಲ್ಲಿ ನೋಡಿ. ವರ್ಷ ವರ್ಷ ಒಂದೇ ಜಾಗ, ಹೆಚ್ಚುಕಡಿಮೆ ಒಂದೇ ಜೋರಿನ ಮಳೆ. ಬೇಸಿಗೆಯಲ್ಲಿ ಅದೇ ಕೊಲ್ಲಿಯ ನೀರನ್ನು ಅಡಿಕೆ ದೋಣಿಯಿಂದಲೋ ಪೈಪಿನಿಂದಲೋ ಒಂದೆಡೆ ಸೇರಿಸಿ 20 ಲೀಟರ್ ಬಕೆಟ್ ಎಷ್ಟು ಸೆಕೆಂಡಿಗೆ ತುಂಬುತ್ತದೆ ಎಂದು ಬರೆದಿಡಿ. 40 ಸೆಕೆಂಡ್ ಎಂದರೆ ದಿನಕ್ಕೆ 43,200 ಲೀಟರ್. ಜನವರಿ 15, ಫೆಬ್ರವರಿ 15, ಮಾರ್ಚ್ 15 ಹೀಗೆ ದಿನ ಗೊತ್ತುಮಾಡಿಕೊಂಡು, ಮೇಲಿನ ತೋಟದವರು ಪಂಪ್ ಹಾಕುವ ಮುಂಚೆ, ಬೆಳಗ್ಗೆ ಆರಕ್ಕೇ ಅಳೆಯಬೇಕು. ಇಲ್ಲವಾದರೆ ಅಳೆದದ್ದು ಕೊಲ್ಲಿಯ ನೀರಾಗಿರುವುದಿಲ್ಲ, ಅವರ ಪಂಪ್ ಬಿಟ್ಟ ಮಿಗತೆಯಾಗಿರುತ್ತದೆ.